ರೈಲು ಆಯೋಗದ ಕುರ್ಚಿ: ಸಹಿ ಬಿಡಿ, ಪಟ್ಟಿ ನೋಡಿ

ನಗರದ ಒಡೆತನದ ರೈಲುಮಾರ್ಗ ಅಮೆರಿಕದಲ್ಲೂ ಅಪರೂಪ. ನ್ಯೂ ಆರ್ಲಿಯನ್ಸ್‌ನ ಪಬ್ಲಿಕ್ ಬೆಲ್ಟ್ 2018ರವರೆಗೆ ಅಂಥದ್ದಾಗಿತ್ತು. ನದಿದಂಡೆಯಲ್ಲಿ ಖಾಸಗಿ ರೈಲು ಕಂಪನಿಗಳು ತಂತಮ್ಮ ಹಳಿ ಹಾಸಿಕೊಂಡು, ಒಬ್ಬರ ವ್ಯಾಗನ್ ಇನ್ನೊಬ್ಬರ ಹಳಿಗೆ ದಾಟಲು ಸುಂಕ ಕೇಳುತ್ತಿದ್ದ ಕಾಲದಲ್ಲಿ, ಯಾರ ಪಕ್ಷವನ್ನೂ ವಹಿಸದ, ವ್ಯಾಗನ್‌ಗಳನ್ನು ಹಳಿಯಿಂದ ಹಳಿಗೆ ದಾಟಿಸುವ ಶಂಟಿಂಗ್ ರೈಲು ಬೇಕೆಂದು ನಗರವೇ ಅದನ್ನು ಕಟ್ಟಿತು. 1908ರಲ್ಲಿ ಓಡಾಟ ಶುರುವಾಯಿತು. ಮಿಸಿಸಿಪ್ಪಿ ಮೇಲಿನ 1935ರ ಹ್ಯೂಯಿ ಲಾಂಗ್ ಸೇತುವೆಯೂ ಇದರದೇ. ಆರು ದೊಡ್ಡ ರೈಲು ಕಂಪನಿಗಳು ಇಲ್ಲಿ ವ್ಯಾಗನ್ ಬದಲಾಯಿಸಿಕೊಳ್ಳುತ್ತವೆ. ಯಾರ ವ್ಯಾಗನ್ ಮೊದಲು ಎಂಬ ಪ್ರಶ್ನೆ ದಿನವೂ ಏಳುವ ಜಾಗ ಇದು. ಹಾಗಾಗಿ ಈ ರೈಲನ್ನು ನಡೆಸುವ ಆಯೋಗದಲ್ಲಿ ಯಾರು ಕೂರುತ್ತಾರೆ ಎಂಬುದು ಹಣದ ವಿಷಯವೇ.

2010ರಲ್ಲಿ ಈ ರೈಲಿನ ಆಡಳಿತದ ಪ್ರಯಾಣ ಮತ್ತು ಊಟೋಪಚಾರದ ಖರ್ಚು ರಾಜ್ಯದ ಲೆಕ್ಕಪರಿಶೋಧನೆಗೆ ಸಿಕ್ಕಿ ಗದ್ದಲವಾಯಿತು. 2018ರಲ್ಲಿ ನಗರವು ಗವರ್ನರ್ ನಿಕೋಲ್ಸ್ ಮತ್ತು ಎಸ್ಪ್ಲನೇಡ್ ಎಂಬ ಹಡಗುಕಟ್ಟೆಗಳನ್ನು ಪಡೆದು, ರೈಲನ್ನು ಬಂದರಿಗೆ ಬಿಟ್ಟುಕೊಟ್ಟಿತು. ಮೇಯರ್ ಅಧ್ಯಕ್ಷತೆಯ ಆಯೋಗ ಹೋಗಿ ಬಂದರು ಮಂಡಳಿಯ ಏಳು ಮಂದಿಯೇ ರೈಲಿಗೂ ಮಂಡಳಿಯಾದರು: ಆರ್ಲಿಯನ್ಸ್ ಜಿಲ್ಲೆಯಿಂದ ನಾಲ್ವರು, ಪಕ್ಕದ ಜೆಫರ್‌ಸನ್‌ನಿಂದ ಇಬ್ಬರು, ಸೇಂಟ್ ಬರ್ನಾರ್ಡ್‌ನಿಂದ ಒಬ್ಬರು. ನೇಮಕದ ಆದೇಶಕ್ಕೆ ಸಹಿ ಹಾಕುವವರು ಲೂಸಿಯಾನಾ ರಾಜ್ಯದ ಗವರ್ನರ್. ಆದರೆ ಹೆಸರು ಬರುವುದು ವ್ಯಾಪಾರ, ಕಾರ್ಮಿಕ, ನಾಗರಿಕ ಸಂಘಗಳು ಕಳಿಸುವ ಪಟ್ಟಿಯಿಂದ.

ನೇಮಕದ ತಿದ್ದುಪಡಿ ಮಸೂದೆ ಕೈಗೆ ಬಂದಾಗ ಎಲ್ಲರ ಕಣ್ಣು ಹೋಗುವುದು 'ಯಾರು ನೇಮಿಸುತ್ತಾರೆ' ಎಂಬ ಸಾಲಿಗೆ. ನಾನು ಮೊದಲು ಓದುವುದು ಪಟ್ಟಿಯ ಸಾಲು. ಪಟ್ಟಿ ಕಳಿಸುವ ಸಂಘ ಮುಚ್ಚಿಹೋದರೆ ಯಾರು? ಗಡುವಿನೊಳಗೆ ಪಟ್ಟಿ ಬಾರದಿದ್ದರೆ? ಪಟ್ಟಿಯನ್ನು ಪೂರ್ತಿ ತಿರಸ್ಕರಿಸಿ ಹೊಸತು ಕೇಳಬಹುದೇ? ಈ ಮೂರಕ್ಕೆ ಉತ್ತರವಿಲ್ಲದ ಕಾಯ್ದೆಯಲ್ಲಿ ಕುರ್ಚಿ ತಿಂಗಳುಗಟ್ಟಲೆ ಖಾಲಿ ಬೀಳುತ್ತದೆ.

ಕಾಯ್ದೆಯಲ್ಲಿ ಹೆಸರಿಸಿದ ಸಂಸ್ಥೆಯೇ ಮಾಯವಾಗುವುದೂ ಉಂಟು. ಸಿನ್ಸಿನಾಟಿ ನಗರ ಟೆನೆಸ್ಸಿ ರಾಜ್ಯದ ಚಟನೂಗವರೆಗೆ ರೈಲು ಕಟ್ಟಲು ಅನುವು ಮಾಡಿದ 1869ರ ಒಹಾಯೊ ರಾಜ್ಯದ ಕಾಯ್ದೆ, ಟ್ರಸ್ಟಿಗಳ ನೇಮಕವನ್ನು ನಗರದ ಸುಪೀರಿಯರ್ ನ್ಯಾಯಾಲಯಕ್ಕೆ ವಹಿಸಿತ್ತು. ಆ ನ್ಯಾಯಾಲಯ ಈಗ ಇಲ್ಲ. ಇಂದು ಐವರನ್ನು ಮೇಯರ್ ಕೌನ್ಸಿಲ್ ಒಪ್ಪಿಗೆ ಪಡೆದು ನೇಮಿಸುತ್ತಾರೆ. ಮೂಲ ರಾಜ್ಯದ ಕಾಯ್ದೆಯಾದ್ದರಿಂದ ನಗರ ತಾನೇ ತಿದ್ದಿಕೊಳ್ಳುವಂತಿರಲಿಲ್ಲ. ರೈಲನ್ನು ನಾರ್ಫೋಕ್ ಸದರ್ನ್ ಎಂಬ ರೈಲು ಕಂಪನಿಗೆ 160 ಕೋಟಿ ಡಾಲರಿಗೆ ಮಾರಲೂ 2023ರಲ್ಲಿ ಮೊದಲು ರಾಜ್ಯ ಶಾಸನ ಬದಲಾಗಬೇಕಾಯಿತು, ಆಮೇಲೆ ಮತದಾರರ ಒಪ್ಪಿಗೆ. ಹಾಗಾಗಿ ಯಾವುದೇ ನಗರದಲ್ಲಿ ಮೊದಲು ಕೇಳಬೇಕಾದದ್ದು: ನೇಮಕದ ನಿಯಮ ಇರುವುದು ನಗರದ ಆದೇಶದಲ್ಲೋ, ನಗರದ ಸನ್ನದಿನಲ್ಲೋ (ಚಾರ್ಟರ್), ರಾಜ್ಯ ಕಾಯ್ದೆಯಲ್ಲೋ? ಬೇರೆ ಹಂತದಲ್ಲಿ ತಿದ್ದಿದರೆ ತಿದ್ದುಪಡಿಯೇ ಬಿದ್ದುಹೋಗಬಹುದು.

ಅವಧಿಯ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿ. ಏಳು ಕುರ್ಚಿ, ಐದು ವರ್ಷದ ಅವಧಿ, ವರ್ಷಕ್ಕೆ ಒಂದೋ ಎರಡೋ ತೆರವು ಎಂದಿಟ್ಟುಕೊಳ್ಳಿ. ನಾಲ್ಕು ವರ್ಷದ ಆಡಳಿತಗಾರನಿಗೆ ಐದು ಅಥವಾ ಆರು ಕುರ್ಚಿ ಸಿಗುತ್ತವೆ, ಬಹುಮತ ಮೂರನೇ ವರ್ಷದೊಳಗೇ ಬಂದುಬಿಡಬಹುದು. 'ಸ್ವತಂತ್ರ ಮಂಡಳಿ' ಎಂಬ ಮಾತನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ಓದಬೇಕು.

ಕುರ್ಚಿಗಳು ಬೇರೆಬೇರೆ ವರ್ಷ ತೆರವಾಗುವ ಸರದಿಯ ಅವಧಿಗಳು ಹಾಳಾಗುವುದು ಒಂದು ಸಣ್ಣ ಪದದಿಂದ. 'ಪ್ರಮಾಣವಚನ ಸ್ವೀಕರಿಸಿದ ದಿನದಿಂದ ಐದು ವರ್ಷ' ಎಂದು ಬರೆದರೆ, 2024ರ ಕೊನೆಗೆ ತೆರವಾದ ಕುರ್ಚಿ 2026ರ ಮಧ್ಯದಲ್ಲಿ ತುಂಬಿದಾಗ ಅದರ ಮುಂದಿನ ತೆರವು 2031ಕ್ಕೆ ಜಾರಿ, ಬೇರೊಂದು ಕುರ್ಚಿಯ ಜತೆ ಸೇರಿಕೊಳ್ಳುತ್ತದೆ. ಹೀಗೆ ಹಲವು ಸಲವಾದರೆ ಮಂಡಳಿಯ ಬಹುಮತವೇ ಒಂದೇ ವರ್ಷ ಬದಲಾಗಬಹುದು. ಅವಧಿ ನಿಗದಿತ ತಾರೀಕಿಗೆ ಮುಗಿಯಬೇಕು, ನಡುವೆ ಬಂದವರಿಗೆ ಉಳಿದ ಅವಧಿ ಮಾತ್ರ. ಮೊದಲ ತಂಡಕ್ಕೆ ಒಂದರಿಂದ ಐದು ವರ್ಷದವರೆಗೆ ಬೇರೆಬೇರೆ ಅವಧಿ ಕೊಟ್ಟು ಚೀಟಿ ಎತ್ತುವುದೇ ನೇರವಾದ ದಾರಿ.

'ಉತ್ತರಾಧಿಕಾರಿ ಬರುವವರೆಗೆ ಮುಂದುವರಿಯುತ್ತಾರೆ' ಎಂಬ ಸಾಲು ಬೇಕೇಬೇಕು, ಆದರೆ ಮಿತಿಯಿರಲಿ: ತೊಂಬತ್ತು ದಿನ, ಹೆಚ್ಚೆಂದರೆ ನೂರೆಂಬತ್ತು. ಮಿತಿ ಇಲ್ಲದಿದ್ದರೆ ಹೊಸಬರನ್ನು ನೇಮಿಸದಿರುವುದೇ ಹಳಬರನ್ನು ಕಾಯುವ ತಂತ್ರವಾಗುತ್ತದೆ. ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಾತಿ, ಕೂಡ ಹಾಗೆಯೇ. ಮಂಜೂರಾದ ಏಳರ ಮೇಲೆ ಎಣಿಸಿದರೆ ನಾಲ್ವರು ಬೇಕು. ಮೂರು ಕುರ್ಚಿ ಖಾಲಿಯಿದ್ದು ಒಬ್ಬರಿಗೆ ಜ್ವರ ಬಂದರೆ ಸಭೆ ರದ್ದು, ಸಂಬಳದ ಬಜೆಟ್ ಕೂಡ ನಿಲ್ಲುತ್ತದೆ.

ನೇಮಕದಲ್ಲಿ ಲೋಪವಿತ್ತೆಂದು ಆಮೇಲೆ ಗೊತ್ತಾದರೆ ಹಿಂದಿನ ಗುತ್ತಿಗೆಗಳೆಲ್ಲ ಬಿದ್ದುಹೋಗುತ್ತವೆಯೇ? ಸಾಮಾನ್ಯವಾಗಿ ಇಲ್ಲ. ಅಧಿಕಾರದ ಕುರ್ಚಿಯಲ್ಲಿ ಕೂತು ಬಹಿರಂಗವಾಗಿ ನಡೆಸಿದ ಕೆಲಸವನ್ನು ನ್ಯಾಯಾಲಯಗಳು ಉಳಿಸುತ್ತವೆ. ನಮ್ಮ ಸುಪ್ರೀಂ ಕೋರ್ಟ್ ಕೂಡ 1981ರ ಗೋಕರಾಜು ರಂಗರಾಜು ಪ್ರಕರಣದಲ್ಲಿ, ನೇಮಕ ಅಸಿಂಧುವಾದ ನ್ಯಾಯಾಧೀಶರು ಕೊಟ್ಟ ತೀರ್ಪುಗಳನ್ನು ಇದೇ ತತ್ವದಿಂದ ಎತ್ತಿಹಿಡಿಯಿತು. ಆದರೆ ಮಂಡಳಿಯ ಸಾಲಪತ್ರ (ಬಾಂಡ್) ಕೊಳ್ಳುವವರ ವಕೀಲರು ಈ ಭರವಸೆಯ ಮೇಲೆ ಹಣ ಬಿಡುವುದಿಲ್ಲ. ಅವರಿಗೆ ಹೊಸ ಸದಸ್ಯರ ನೇಮಕಪತ್ರ, ಪ್ರಮಾಣವಚನದ ದಾಖಲೆ, ಸಹಿ ಮಾದರಿ ಕೈಯಲ್ಲಿರಬೇಕು.

ಆದ್ದರಿಂದ ಕಾಯ್ದೆ ಜಾರಿಯಾಗುವ ತಾರೀಕನ್ನು ಹೊಸ ಮಂಡಳಿಯ ಮೊದಲ ಸಭೆಯ ತಾರೀಕಿಗೇ ಕಟ್ಟಿರಬೇಕು. ಆ ಸಭೆಯ ಮೊದಲ ನಿರ್ಣಯ ಬ್ಯಾಂಕ್ ಖಾತೆಯ ಸಹಿದಾರರದು, ಎರಡನೆಯದು ವಿಮಾ ಪಾಲಿಸಿಯಲ್ಲಿ ಹೆಸರು ಬದಲಾವಣೆ. ಅಧ್ಯಕ್ಷರ ಆಯ್ಕೆ ಇವೆರಡರ ನಂತರ ನಡೆದರೂ ರೈಲು ಓಡುತ್ತಿರುತ್ತದೆ.