ಪೈಪು ಮೇಲೇರಿತು, ಹೊಗೆ ಎಲ್ಲಿಗೆ ಹೋಯಿತು?

ಧಾರವಾಡದ ನಮ್ಮ ಮನೆಯ ಹಿಂದೆ ಒಂದು ಕಲ್ಯಾಣ ಮಂಟಪವಿದೆ. ಮದುವೆ ಸೀಸನ್ ಶುರುವಾದದ್ದು ನಮಗೆ ಲಗ್ನಪತ್ರಿಕೆಗಿಂತ ಮೊದಲು ಡೀಸೆಲ್ ವಾಸನೆಯಿಂದ ಗೊತ್ತಾಗುತ್ತದೆ. ಅವರ 100 ಕೆವಿಎ ಸಾಮರ್ಥ್ಯದ ಜನರೇಟರಿನ ಹೊಗೆ ಪೈಪು ಕಂಪೌಂಡ್ ಗೋಡೆಯ ಮೇಲಿಂದ ಅಡ್ಡಕ್ಕೆ ಚಾಚಿಕೊಂಡು ನೇರ ನಮ್ಮ ಅಡುಗೆಮನೆ ಕಿಟಕಿಗೆ ಮುಖ ಮಾಡಿತ್ತು. ಕರೆಂಟ್ ಹೋಯಿತೆಂದರೆ ಹಗ್ಗದ ಮೇಲೆ ಒಣಹಾಕಿದ ಧೋತರಕ್ಕೆ ಎಳ್ಳು ಚೆಲ್ಲಿದ ಹಾಗೆ ಕರಿ ಚುಕ್ಕೆ. ಝಾಡಿಸಿದರೆ ಹೋಗದು, ಒರೆಸಿದರೆ ಗೆರೆಯಾಗುತ್ತದೆ.

ಮಂಟಪದ ಮ್ಯಾನೇಜರರ ಹತ್ತಿರ ಹೋದೆ. "ಸರ್, ಹೊಸಾ ಮಷಿನ್ ಐತ್ರಿ. ನೀವ ನೋಡ್ರಿ, ಹೊಗಿ ಕಾಣಸ್ತೈತೇನು?" ಅಂದರು. ಶುರುವಾಗುವಾಗ ಬುಸ್ಸೆಂದು ಒಂದು ಕರಿ ಮೋಡ, ಆಮೇಲೆ ಏನೂ ಕಾಣುತ್ತಿರಲಿಲ್ಲ, ನಿಜ. ಅವರದೇ ಮೇಜಿನ ಮೇಲಿದ್ದ ಒಂದು ಲಗ್ನಪತ್ರಿಕೆಯ ಹಿಂದೆ ನಾನು ಲೆಕ್ಕ ಬರೆದೆ. ಜನರೇಟರಿನ ಪೈಪು ಎಷ್ಟು ಎತ್ತರ ಇರಬೇಕು? ಕಟ್ಟಡದ ಎತ್ತರ, ಅದಕ್ಕೆ ಕೆವಿಎಯ ವರ್ಗಮೂಲದ 0.2 ಪಟ್ಟು ಸೇರಿಸಬೇಕು. 100ರ ವರ್ಗಮೂಲ 10, ಅದರ 0.2 ಪಟ್ಟು ಅಂದರೆ 2 ಮೀಟರ್. ಮಂಟಪ 9 ಮೀಟರ್. ಪೈಪು 11 ಮೀಟರ್.

"ಇದನ್ಯಾವ ಜ್ಯೋತಿಷಿ ಹೇಳಿದ್ರಿ ಸರ್?"

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಅಂದೆ. ಎರಡು ವಾರಕ್ಕೆ ವೆಲ್ಡರ್ ಬಂದ, ಪೈಪು ಮಂಟಪದ ನೆತ್ತಿ ದಾಟಿತು. ಧೋತರ ಬೆಳ್ಳಗೆ ಉಳಿಯಿತು. ಒಂದು ಸಂಜೆ ಜನರೇಟರ್ ಗುಡುಗುತ್ತಿದ್ದಾಗ ನಮ್ಮ ಮನೆಯವರು ಕಿಟಕಿ ತೆಗೆದು ಮೇಲೆ ನೋಡಿ, "ಅಲ್ರೀ, ಅಷ್ಟೂ ಹೊಗಿ ಎಲ್ಲಿ ಹೋತು?" ಅಂದರು. ನಲವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದ ನನ್ನನ್ನು ಯಾವ ವಿದ್ಯಾರ್ಥಿಯೂ ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ.

ಕಂಡರೆ ಮಾತ್ರ ಹೊಗೆ ಎಂಬುದು ಮ್ಯಾನೇಜರರೊಬ್ಬರ ತಪ್ಪಲ್ಲ. ಕಾಯ್ದೆಯೂ ಮೊದಲು ಕಣ್ಣನ್ನೇ ನಂಬಿತ್ತು. 1888ರಲ್ಲಿ ಪ್ಯಾರಿಸ್ಸಿನ ಮ್ಯಾಕ್ಸಿಮಿಲಿಯನ್ ರಿಂಗಲ್ಮಾನ್ ಒಂದು ಕಾರ್ಡು ಮಾಡಿದರು. ಬಿಳಿ ಹಾಳೆಯ ಮೇಲೆ ಕರಿ ಗೆರೆಗಳ ಜಾಲ. ಗೆರೆ ದಪ್ಪವಾದಂತೆ ದೂರದಿಂದ ಬೂದು ಬಣ್ಣ ಗಾಢವಾಗಿ ಕಾಣುತ್ತದೆ. ಚಿಮಣಿಯ ಹೊಗೆಯನ್ನು ಈ ಬೂದುಗಳ ಜೊತೆ ಹೋಲಿಸಿ ನಂಬರು ಕೊಡುವುದು. ಸೀರೆ ಅಂಗಡಿಯಲ್ಲಿ ಕುಪ್ಪಸದ ಬಟ್ಟೆ ಮ್ಯಾಚ್ ಮಾಡಿದ ಹಾಗೆ. ನಮ್ಮ ಧಾರವಾಡ ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1912ರಲ್ಲೇ ಹೊಗೆ ಉಪದ್ರವದ ಕಾಯ್ದೆ ಬಂದಿತ್ತು. ಕಾಯ್ದೆಗೆ ಉಪದ್ರವವೆಂದರೆ ಕಣ್ಣಿಗೆ ರಾಚುವ ಕರಿ ಹೊಗೆ.

ವಿಚಿತ್ರವೆಂದರೆ ಅದಕ್ಕೂ ಮೊದಲೇ ಇಂಗ್ಲೆಂಡಿನಲ್ಲಿ ಇದಕ್ಕಿಂತ ಜಾಣ ಕಾಯ್ದೆಯೊಂದಿತ್ತು. ಬಟ್ಟೆ ಒಗೆಯುವ ಸೋಡಾ ಮಾಡುವ ಕಾರ್ಖಾನೆಗಳು ಉಗುಳುತ್ತಿದ್ದ ಹೈಡ್ರೋಜನ್ ಕ್ಲೋರೈಡ್ ಸುತ್ತಲ ಗಿಡಮರ ಸುಡುತ್ತಿತ್ತು. 1863ರ ಆಲ್ಕಲಿ (ಕ್ಷಾರ) ಕಾಯ್ದೆ ಅದರ ಶೇ 95 ಭಾಗವನ್ನು ನೀರಿನಲ್ಲಿ ಹಿಡಿದಿಡಬೇಕೆಂದಿತು. ಕಾರ್ಖಾನೆಗಳು ಹಿಡಿದವು. ಆದರೆ ಕಾರ್ಖಾನೆಗಳ ಸಂಖ್ಯೆ ಬೆಳೆಯಿತು, ಉಳಿದ ಶೇ 5 ಭಾಗವೇ ದೊಡ್ಡ ಮೊತ್ತವಾಯಿತು. 1874ರಲ್ಲಿ ಅಳತೆ ಬದಲಾಗಿ, ಒಂದು ಘನ ಅಡಿ ಅನಿಲದಲ್ಲಿ 0.2 ಗ್ರೇನ್ (ಆಗಿನ ಒಂದು ಸಣ್ಣ ತೂಕ) ಮೀರಬಾರದು ಎಂದಾಯಿತು. ಅಲ್ಲಿನ ಮೊದಲ ಇನ್ಸ್‌ಪೆಕ್ಟರ್ ರಾಬರ್ಟ್ ಆಂಗಸ್ ಸ್ಮಿತ್ ರಸಾಯನಶಾಸ್ತ್ರಜ್ಞ. ಆಮ್ಲಮಳೆ ಎಂಬ ಮಾತನ್ನು ಚಾಲ್ತಿಗೆ ತಂದವರು ಅವರೇ. ಕಣ್ಣು ಬಿಟ್ಟು ತಕ್ಕಡಿ ಹಿಡಿದದ್ದು ಅವರ ದೊಡ್ಡಸ್ತಿಕೆ. ಅವರ ಬಗ್ಗೆ ಬರೆಯಲು ಕೂತರೆ ನನಗೆ ನಿಲ್ಲಿಸಲಾಗದು, ಇಲ್ಲಿಗೆ ಬಿಡುತ್ತೇನೆ.

ನಮ್ಮ 1981ರ ವಾಯು ಕಾಯ್ದೆ ಈ ತಕ್ಕಡಿಯ ವಂಶದ್ದು. ಕಾರ್ಖಾನೆ ಕಟ್ಟುವ ಮೊದಲೊಂದು ಸಮ್ಮತಿ, ನಡೆಸಲು ಇನ್ನೊಂದು. ಚಿಮಣಿಯಲ್ಲಿ ಒಂದು ಘನ ಮೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಮಿತಿ. ಊರಿನ ಗಾಳಿಗೂ ಮಿತಿ ಇದೆ: ಪಿಎಂ 10 ಎಂಬ ಸಣ್ಣ ಧೂಳಿನ ವಾರ್ಷಿಕ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ ದಾಟಬಾರದು. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಕಲಬುರಗಿ ಜೊತೆ ಹುಬ್ಬಳ್ಳಿ-ಧಾರವಾಡವೂ ಇದೆ. ರಸ್ತೆ ಅಗೆದಾಗಲೆಲ್ಲ ಊರಿಗೆ ಧೂಳವಾಡ ಅಂತ ಹೆಸರಿಡುವವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಅಂದಹಾಗೆ, 1987ರ ತಿದ್ದುಪಡಿಯಿಂದ ಕಾಯ್ದೆಯ ಕಣ್ಣಿಗೆ ಸದ್ದು ಕೂಡ ವಾಯು ಮಾಲಿನ್ಯಕಾರಕ. ಮಂಟಪದ ಬ್ಯಾಂಡಿನವರಿಗೆ ನಾನಿದನ್ನು ಇನ್ನೂ ಹೇಳಿಲ್ಲ.

ಈ ಲೆಕ್ಕವೆಲ್ಲ ಸಾಂದ್ರತೆಯದು. ಸಾಂದ್ರತೆ ತಿಳಿಯಬೇಕೆಂದರೆ ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಹೋಗಬೇಕು. ಮೆಣಸಿನಕಾಯಿ ಸೀಸನ್ನಿನಲ್ಲಿ ಮಾರುಕಟ್ಟೆಯ ಒಳಗೆ ಕಾಲಿಟ್ಟರೆ ಸೀನು, ರಸ್ತೆಗೆ ಬಂದರೆ ಬರೀ ಮೂಗಿನ ತುರಿಕೆ, ರೈಲು ನಿಲ್ದಾಣದಲ್ಲಿ ಏನೂ ಇಲ್ಲ. ಮೆಣಸಿನಕಾಯಿ ಒಂದೂ ಕಡಿಮೆಯಾಗಿಲ್ಲ, ಘಾಟು ಹರಡಿ ತೆಳುವಾಗಿದೆ ಅಷ್ಟೆ. ಎತ್ತರದ ಚಿಮಣಿ ಮಾಡುವುದೂ ಇಷ್ಟೇ: ನೆಲಕ್ಕಿಳಿಯುವ ಮೊದಲು ಹೊಗೆಗೆ ಹರಡಿಕೊಳ್ಳಲು ಜಾಗ ಕೊಡುವುದು. ಬಾಯ್ಲರ್ ಚಿಮಣಿಗೂ ಒಂದು ಸೂತ್ರವಿದೆ. ಗಂಟೆಗೆ ಬಿಡುವ ಗಂಧಕದ ಡೈಆಕ್ಸೈಡ್ ಎಷ್ಟು ಕಿಲೋ ಎಂಬುದರ 0.3 ಘಾತ, ಅದರ 14 ಪಟ್ಟು. ಗಂಟೆಗೆ 100 ಕಿಲೋ ಆದರೆ ಸುಮಾರು 56 ಮೀಟರ್; 200 ಕಿಲೋ ಆದರೆ ಸುಮಾರು 69. ಅನಿಲ ಇಮ್ಮಡಿಯಾದರೂ ಎತ್ತರ ಕಾಲು ಭಾಗ ಕೂಡ ಹೆಚ್ಚು ಬೇಡ. ಮಾಲೀಕರಿಗೆ ಇದಕ್ಕಿಂತ ಅಗ್ಗದ ಪುಣ್ಯ ಯಾವುದಿದೆ?

ಚಳಿಗಾಲದ ಬೆಳಗಿನಲ್ಲಿ ಈ ಉಪಾಯವೂ ಕೈಕೊಡುತ್ತದೆ. ರಾತ್ರಿ ನೆಲ ತಣ್ಣಗಾಗಿ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ಮೇಲಿನ ಪದರ ಬೆಚ್ಚಗಿರುತ್ತದೆ. ತಣ್ಣನೆ ಗಾಳಿ ಭಾರ, ಮೇಲೇಳದು. ಉಣಕಲ್ ಕೆರೆಯ ದಂಡೆಯಲ್ಲಿ ಡಿಸೆಂಬರಿನಲ್ಲಿ ವಾಕಿಂಗ್ ಹೋಗುವವರು ಕಂಡಿರುತ್ತಾರೆ: ಯಾರೋ ಹೊತ್ತಿಸಿದ ಕಸದ ಹೊಗೆ ಆಳೆತ್ತರ ಏರಿ, ಅಟ್ಟಕ್ಕೆ ತಲೆ ತಾಗಿದ ಹಾಗೆ ನಿಂತು, ಅಡ್ಡಕ್ಕೆ ಹಾಸಿಕೊಳ್ಳುತ್ತದೆ. ಕೋಣೆಗೆ ಚಾವಣಿ ಬಿದ್ದ ಹಾಗೆ. ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ. 1952ರ ಡಿಸೆಂಬರಿನಲ್ಲಿ ಲಂಡನ್ ಮೇಲೆ ಇಂಥ ತಟ್ಟೆ ಐದು ದಿನ ಮುಚ್ಚಿಕೊಂಡು ಸಾವಿರಾರು ಜನ ಸತ್ತರು. 1956ಕ್ಕೆ ಅಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು, ಚಿಮಣಿಗಳು ಬೆಳೆದವು. ಬ್ರಿಟನ್ನಿನ ಗಂಧಕ ನಾರ್ವೆ, ಸ್ವೀಡನ್ನಿನ ಕೆರೆಗಳಿಗೆ ಆಮ್ಲವಾಗಿ ಇಳಿಯಿತು, ಮೀನು ಸತ್ತವು. ಹೊಗೆಯ ವಿಳಾಸ ಬದಲಾಗಿತ್ತು.

ಧೂಳು, ಗಂಧಕವಾದರೆ ಮಳೆ ತೊಳೆದೀತು. ಕೆಲವೇ ದಿನಗಳ ಪ್ರವಾಸಿಗರು ಅವು. ಇಂಗಾಲದ ಡೈಆಕ್ಸೈಡ್ ಹಾಗಲ್ಲ. ಅದು ಬಣ್ಣವಿಲ್ಲದ್ದು, ವಾಸನೆಯಿಲ್ಲದ್ದು. ಅದರ ಒಂದು ದೊಡ್ಡ ಪಾಲು ಶತಮಾನಗಳ ಕಾಲ ವಾತಾವರಣದಲ್ಲೇ ಇರುತ್ತದೆ. ರಿಂಗಲ್ಮಾನರ ಕಾರ್ಡಿನಲ್ಲಿ ಅದಕ್ಕೆ ಸೊನ್ನೆ. ಹರಡಿದರೆ ತೆಳುವಾಗುವ ಲಾಭವೂ ಇಲ್ಲ, ಏಕೆಂದರೆ ಭೂಮಿ ಬಿಸಿಯಾಗುವುದು ಒಟ್ಟು ಮೊತ್ತಕ್ಕೆ. ಕೈಗಾರಿಕೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇದ್ದದ್ದು ಈಗ 420 ದಾಟಿದೆ.

ಅದರ ತೂಕ ಹೇಳಿದರೆ ಯಾರೂ ನಂಬುವುದಿಲ್ಲ. ಒಂದು ಲೀಟರ್ ಡೀಸೆಲ್ ತೂಗುವುದು 830 ಗ್ರಾಂ ಆಸುಪಾಸು. ಸುಟ್ಟರೆ ಹೊರಬರುವ ಇಂಗಾಲದ ಡೈಆಕ್ಸೈಡ್ ಸುಮಾರು 2.6 ಕಿಲೋ. "ಸುಟ್ಟ ಮ್ಯಾಲೆ ಹೆಂಗ್ರೀ ಜಾಸ್ತಿ ಆಕ್ಕೈತಿ?" ಅಂತ ಕೇಳುತ್ತಾರೆ. ಹುಬ್ಬಳ್ಳಿಯವರಿಗೆ ಇದು ಅರ್ಥವಾಗದಿದ್ದರೆ ಇನ್ಯಾರಿಗೂ ಆಗದು. ಮಿರ್ಚಿ ಭಜಿ ನೋಡಿ. ಒಳಗಿನ ಮೆಣಸಿನಕಾಯಿ ಬಡಕಲು, ಹೊರಗಿನ ಹಿಟ್ಟೇ ಭಾರ. ಇಂಗಾಲದ ಪರಮಾಣು 12 ತೂಕದ ಮೆಣಸಿನಕಾಯಿ. ಉರಿಯುವಾಗ ಅದಕ್ಕೆ 16 ತೂಕದ ಆಮ್ಲಜನಕ ಎರಡು ಸಲ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಎಣ್ಣೆಯಿಂದ ತೆಗೆದಾಗ 44. ಹಿಟ್ಟು ಟ್ಯಾಂಕಿನಿಂದ ಬಂದದ್ದಲ್ಲ, ಗಾಳಿಯಿಂದ ಬಂದದ್ದು.

ಇದೇ ಲೆಕ್ಕದಿಂದ ಮೊಬೈಲಿನಲ್ಲಿ ಸುತ್ತುವ ಇನ್ನೊಂದು ಸುದ್ದಿಯನ್ನೂ ಮುಗಿಸಿಬಿಡಬಹುದು: ಹತ್ತು ಗ್ರಾಂ ತುಪ್ಪ ಹೋಮ ಮಾಡಿದರೆ ಒಂದು ಟನ್ ಆಮ್ಲಜನಕ ಹುಟ್ಟುತ್ತದಂತೆ. ತುಪ್ಪದಲ್ಲೂ ಇಂಗಾಲವೇ ಇರುವುದು. ಹತ್ತು ಗ್ರಾಂ ಉರಿಯಲು 25 ಗ್ರಾಂಗಿಂತ ಹೆಚ್ಚು ಆಮ್ಲಜನಕ ಬೇಕು. ತುಪ್ಪ ಅದನ್ನು ಹುಟ್ಟಿಸುವುದಿಲ್ಲ, ತಿನ್ನುತ್ತದೆ. ಭಕ್ತಿಯಿಂದ ಮಾಡುವವರ ತಂಟೆ ನನಗೆ ಬೇಡ. ಗಾಳಿ ಶುದ್ಧಿಯ ಹೆಸರಿನಲ್ಲಿ ಮಾಡಿದರೆ ಮಾತ್ರ ನನಗೆ ತಡೆಯಲಾಗದು. ಹೋಳಿಗೆಗಾದರೂ ಹಾಕಿ.

ಒಟ್ಟು ಮೊತ್ತ ಎಣಿಸಬೇಕಾದ ಅನಿಲಕ್ಕೆ ಕಾಯ್ದೆಯೂ ಬೇರೆ ತಕ್ಕಡಿ ಹಿಡಿಯಬೇಕಲ್ಲ? ಭಾರತ ಈಗಷ್ಟೇ ಹಿಡಿದಿದೆ. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ, 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ. ಅಕ್ಟೋಬರ್ 2025ರಲ್ಲಿ ಸಿಮೆಂಟ್, ಅಲ್ಯೂಮಿನಿಯಂ, ಕ್ಲೋರ್-ಆಲ್ಕಲಿ (ಉಪ್ಪುನೀರಿನಿಂದ ಕ್ಲೋರಿನ್, ಕಾಸ್ಟಿಕ್ ಸೋಡಾ ಮಾಡುವುದು), ಪಲ್ಪ್ ಮತ್ತು ಕಾಗದ ಎಂಬ ನಾಲ್ಕು ವಲಯಗಳ ಕಾರ್ಖಾನೆಗಳಿಗೆ ಗುರಿ ಗೊತ್ತುಪಡಿಸಿದರು. ಗುರಿಗಿಂತ ಕಡಿಮೆ ಬಿಟ್ಟವರಿಗೆ ಕ್ರೆಡಿಟ್ ಸಿಗುತ್ತದೆ, ಹೆಚ್ಚು ಬಿಟ್ಟವರು ಅದನ್ನು ಕೊಳ್ಳಬೇಕು. ಆದರೆ ಈ ಗುರಿಯ ಲೆಕ್ಕ ಒಂದು ಟನ್ ಸರಕಿಗೆ ಎಷ್ಟು ಅನಿಲ ಎಂಬುದು, ವರ್ಷಕ್ಕೆ ಒಟ್ಟು ಎಷ್ಟು ಎಂಬುದಲ್ಲ. ಭಜಿ ಅಂಗಡಿಯವನು ಒಂದೊಂದು ಭಜಿಗೆ ಶೇ 10 ಎಣ್ಣೆ ಉಳಿಸಿದ, ವ್ಯಾಪಾರ ದುಪ್ಪಟ್ಟಾಯಿತು. ತಿಂಗಳ ಕೊನೆಗೆ ಎಣ್ಣೆ ಡಬ್ಬಿ ಮೊದಲಿಗಿಂತ ಹೆಚ್ಚೇ ಖಾಲಿ. ಬೆಳೆಯುವ ದೇಶಕ್ಕೆ ಈ ರಿಯಾಯಿತಿ ಬೇಕೆಂದು ಒಪ್ಪುತ್ತೇನೆ. 1863ರ ಶೇ 95ರ ಕಥೆ ನೆನಪಾಗದೆ ಇರುವುದಿಲ್ಲ, ಅಷ್ಟೆ.

ಗದಗದ ಹಳ್ಳಿಗುಡಿಯಲ್ಲಿ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿ ವರ್ಷಕ್ಕೆ 60 ಲಕ್ಷ ಟನ್ ಉಕ್ಕಿನ ಕಾರ್ಖಾನೆ ಕಟ್ಟಲು ಹೊರಟಿತ್ತು. 2011ರಲ್ಲಿ ರೈತರು ತಿರುಗಿಬಿದ್ದದ್ದು ಕರಿಮಣ್ಣಿನ ಹೊಲಕ್ಕಾಗಿ. 2013ರಲ್ಲಿ ಕಂಪನಿ ಹಿಂದೆ ಸರಿಯಿತು. ನಮ್ಮ ದೇಶದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ ಸುಮಾರು 2.5 ಟನ್ ಇಂಗಾಲದ ಡೈಆಕ್ಸೈಡ್. ಗುಣಿಸಿ ನೋಡಿ, ಒಂದೂವರೆ ಕೋಟಿ ಟನ್. ಆಗ ಇದ್ದ ವಾಯು ಕಾಯ್ದೆಯಡಿ ಧೂಳು, ಗಂಧಕಕ್ಕೆ ಮಿತಿ ಬೀಳುತ್ತಿತ್ತು. ಈ ಒಂದೂವರೆ ಕೋಟಿಗೆ ಕಾಲಂ ಇರಲಿಲ್ಲ.

ಮೊನ್ನೆ ಮ್ಯಾನೇಜರರು ಗೇಟಿನ ಹತ್ತಿರ ಸಿಕ್ಕಿ, "ಈಗ ಕಿಡಕ್ಯಾಗ ಬರೂದಿಲ್ಲಲ್ರಿ ಸರ್?" ಅಂದರು. ಇಲ್ಲ ಅಂದೆ. ಹಿಂದಿನ ರಾತ್ರಿ ಜನರೇಟರ್ ಎಷ್ಟು ಹೊತ್ತು ಓಡಿತು ಅಂತ ಕೇಳಿದೆ. ನಾಲ್ಕು ತಾಸು, 60 ಲೀಟರ್ ಡೀಸೆಲ್. ಲೆಕ್ಕ ಹಾಕಿ, ಇಂಗಾಲದ ಡೈಆಕ್ಸೈಡ್ 150 ಕಿಲೋ ದಾಟುತ್ತದೆ ಅಂದೆ. ಅವರು ಒಮ್ಮೆ ಪೈಪಿನ ತುದಿ ನೋಡಿದರು, ಒಮ್ಮೆ ಅಡುಗೆ ಭಟ್ಟರು ತೊಳೆದು ಬೋರಲು ಹಾಕಿದ್ದ ಹಂಡೆಗಳನ್ನು ನೋಡಿದರು.

"ನಿನ್ನಿ ಅಕ್ಕಿ ಬೇಸಿದ್ದು ಒಂದು ಕ್ವಿಂಟಲ್ ರೀ. ಅನ್ನಕ್ಕಿಂತಾ ಹೊಗೀನ ಹೆಚ್ಚು ಬಡಿಸಿದಂಗಾತಲ್ರಿ."

ಬೇಯಿಸಿದ ಅನ್ನ ನೀರು ಹೀರಿ ಇನ್ನೂ ಭಾರವಾಗುತ್ತದೆ, ಅಕ್ಕಿಗಿಂತ ಅನ್ನಿ ಅಂತ ತಿದ್ದಿದೆ. ಮೇಷ್ಟರ ಚಟ, ಬಿಡದು.