ಬಿ ಪಾಸಿಟಿವ್ ಅಂದರಷ್ಟೇ ಸಾಲದು

ಮುಂಬೈಯ ಮುಲುಂಡಿನಲ್ಲಿ ನಮ್ಮ ಕೆಳಗಿನ ಮನೆಯವರು ಕುಂದಾಪುರದ ಕಡೆಯವರು. ಮಗಳಿಗೆ ಥಲಸ್ಸೇಮಿಯಾ, ಹುಟ್ಟಿನಿಂದಲೇ ಮೈಯಲ್ಲಿ ಸಾಕಷ್ಟು ಹಿಮೋಗ್ಲೋಬಿನ್ ಆಗದ ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಹಾಕುವ ಮುಂಚೆ ದಾನಿಯ ರಕ್ತ ಅವಳದಕ್ಕೆ ಹೊಂದುತ್ತದೆಯೇ ಎಂದು ಬೆರೆಸಿ ನೋಡುತ್ತಾರೆ, ಅದೇ ಕ್ರಾಸ್‌ಮ್ಯಾಚ್. ಮೊನ್ನೆ ಲಿಫ್ಟಿನಲ್ಲಿ ಸಿಕ್ಕಾಗ ಅವಳ ಅಮ್ಮ, "ಮೂರು ಬಾಟ್ಲಿ ನೋಡಿದ್ರೂ ಕ್ರಾಸ್‌ಮ್ಯಾಚ್ ಆಗ್ಲಿಲ್ಲ ಮಾರಾಯ್ರೆ. ಎಲ್ಲ ಬಿ ಪಾಸಿಟಿವ್ವೇ ಅಲ್ವಾ, ಮತ್ತೆಂತ ಬೇಕು?" ಎಂದರು.

ಬೇಕಾದ್ದು ತುಂಬಾ ಇದೆ. ಮನುಷ್ಯರ ಕೆಂಪುಕಣಗಳ ಮೇಲೆ 300ಕ್ಕೂ ಹೆಚ್ಚು ಬಗೆಯ ಗುರುತುಗಳು ಪತ್ತೆಯಾಗಿವೆ. ಕಾರ್ಡಿನಲ್ಲಿ ನಾವು ಬರೆಸಿಕೊಳ್ಳುವುದು ಎ, ಬಿ, ಒ ಎನ್ನುವ ಎಬಿಒ, ಪಾಸಿಟಿವ್-ನೆಗೆಟಿವ್ ಎನ್ನುವ ಆರ್‌ಎಚ್ ಮಾತ್ರ. ಕೆಲ್, ಡಫಿ, ಕಿಡ್ ಮುಂತಾದ ಬೇರೆ ಗುಂಪುಗಳ ಗುರುತುಗಳ ಗೊಡವೆ ಬಹುತೇಕರಿಗೆ ಬರುವುದೇ ಇಲ್ಲ. ನೂರಾರು ಬಾಟ್ಲಿ ಹಾಕಿಸಿಕೊಳ್ಳುವ ಮಗುವಿನ ಮೈ ಮಾತ್ರ ಯಾವತ್ತೋ ಒಂದು ದಿನ, ಇದು ನನ್ನದಲ್ಲ ಎಂದು ಜಗಳಕ್ಕೆ ನಿಲ್ಲಬಹುದು. ಆಗ ಆ ಗುರುತಿನ ಮೇಲೆ ಬೀಳುವ ಪ್ರತಿಕಾಯ ಹುಟ್ಟುತ್ತದೆ. ಈ ಹುಡುಗಿಗೆ ಹುಟ್ಟಿದ್ದು ಕಿಡ್ ಗುಂಪಿನ ಕಿಡ್-ಎ ಎಂಬ ಗುರುತಿನ ವಿರುದ್ಧ. ಈ ಪ್ರತಿಕಾಯ ಮಹಾ ಕಳ್ಳ. ಕೆಲವು ತಿಂಗಳಲ್ಲಿ ಪರೀಕ್ಷೆಗೇ ಸಿಗದಷ್ಟು ಇಳಿದುಬಿಡಬಹುದು. ಎಲ್ಲ ಸರಿಯಿದೆ ಎಂದು ರಕ್ತ ಹಾಕಿದ ಮೇಲೆ ಮತ್ತೆ ಎದ್ದು, ಹೊಸ ಕಣಗಳನ್ನು ಒಡೆದುಹಾಕುತ್ತದೆ. ಕಣ್ಣು ಹಳದಿ, ಹಿಮೋಗ್ಲೋಬಿನ್ ಇದ್ದಲ್ಲಿಗೇ.

ಅವಳ ಗುರುತುಗಳನ್ನೆಲ್ಲ ಪರೀಕ್ಷಿಸಿ ಬರೆದಿಟ್ಟರಾಯಿತಲ್ಲ? ತೊಡಕು ಅಲ್ಲೇ. ಅವಳ ಒಂದು ಹನಿ ರಕ್ತದಲ್ಲಿ ದಾನಿಗಳ ಕಣಗಳೇ ಜಾಸ್ತಿ ಇರಬಹುದು. ಯಾರದ್ದೋ ಗುರುತು ಅವಳ ಹೆಸರಿಗೆ ಬೀಳುತ್ತದೆ. ಡಿಎನ್‌ಎಗೆ ಈ ಕಾಟವಿಲ್ಲ. ಬಲಿತ ಕೆಂಪುಕಣದಲ್ಲಿ ಡಿಎನ್‌ಎ ಇರುವುದಿಲ್ಲ, ಅದನ್ನು ತೆಗೆಯುವುದು ಬಿಳಿಕಣಗಳಿಂದ. ಅವು ಬಹುಪಾಲು ಅವಳವೇ. ಕಿಡ್ ಜೀನಿನ ಒಂದು ಜಾಗದಲ್ಲಿ ಡಿಎನ್‌ಎಯ ಜಿ ಅಕ್ಷರವಿದ್ದರೆ ಕಿಡ್-ಎ, ಎ ಇದ್ದರೆ ಕಿಡ್-ಬಿ. ಒಮ್ಮೆ ಓದಿಟ್ಟರೆ ಮತ್ತೆ ನೋಡಬೇಕಿಲ್ಲ.

ಹಾಗಂತ ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಕೆಲವರಲ್ಲಿ ಡಫಿ ಜೀನ್ ಸರಿಯಾಗಿಯೇ ಇರುತ್ತದೆ, ಅದರ ಸ್ವಿಚ್ ಕೆಟ್ಟಿರುತ್ತದೆ. ಕೆಂಪುಕಣದ ಮೇಲೆ ಗುರುತೇ ಮೂಡದು. ಸ್ವಿಚ್ಚನ್ನೂ ಓದಬೇಕು, ಕೊನೆಗೆ ಕ್ರಾಸ್‌ಮ್ಯಾಚೂ ಮಾಡಬೇಕು.

ಹೊರಗೆ ಒಂದು, ಒಳಗೆ ಇನ್ನೊಂದು ಎನ್ನುವುದು ಮುಂಬೈಗೆ ಹಳೇ ಕತೆ. 1952ರಲ್ಲಿ ಡಾ. ಭೇಂಡೆ ಮತ್ತು ಸಂಗಡಿಗರು ವರದಿ ಮಾಡಿದ 'ಬಾಂಬೆ ಗ್ರೂಪ್' ಮಾಮೂಲಿ ಪರೀಕ್ಷೆಗೆ ಒ ಎಂದೇ ಕಾಣುತ್ತದೆ. ಆ ಗ್ರೂಪಿನವರಿಗೆ ಒ ರಕ್ತ ಕೊಟ್ಟರೆ ಜೀವಕ್ಕೇ ಸಂಚಕಾರ. ಪರೇಲಿನ ಕೆಇಎಂ ಆಸ್ಪತ್ರೆಯ ಆವರಣದಲ್ಲಿರುವ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆ ಇಂಥ ಅಪರೂಪದ ದಾನಿಗಳ ಪಟ್ಟಿ ಮಾಡುತ್ತಿದೆ.

ಕಳೆದ ತಿಂಗಳು ಬಿಲ್ಡಿಂಗಿನ ಬಿ ಪಾಸಿಟಿವ್‌ನವರೆಲ್ಲ ಸ್ಯಾಂಪಲ್ ಕೊಟ್ಟೆವು. ನನ್ನಲ್ಲಿ ಕಿಡ್-ಎ ಇದೆ, ಆಗುವುದಿಲ್ಲ. ಮೂರನೇ ಮಹಡಿಯ ಹೋಟೆಲ್ ಭಟ್ಟರದು ಆಗುತ್ತದಂತೆ.