ಸ್ವರಕ್ಕೆ ತೂತು ಹಾಕುವ ಮಸಿ

ಗ್ರಂದಿಗೆ ಅಂಗಡಿಯಲ್ಲಿ ಮಾಚಿಕಾಯಿ ಕೇಳಿದರೆ ಗೋಲಿ ಗಾತ್ರದ ಗಟ್ಟಿ ಉಂಡೆ ಕೊಡುತ್ತಾರೆ. ಹೆಸರಿಗೆ ಕಾಯಿ, ಅಷ್ಟೆ. ಓಕ್ ಮರದ ಮೊಗ್ಗಿನಲ್ಲಿ ಪುಟ್ಟ ಕಣಜವೊಂದು ಮೊಟ್ಟೆಯಿಟ್ಟಾಗ ಮರದಲ್ಲೇಳುವ ಗಂಟು ಅದು. ಅದನ್ನು ಕುಟ್ಟಿ ನೆನೆಸಿದ ನೀರಿಗೆ ಅನ್ನಭೇದಿ (ಕಬ್ಬಿಣ, ಗಂಧಕ ಸೇರಿದ ಹಸಿರು ಉಪ್ಪು), ಜಾಲಿ ಜಾತಿಯ ಮರದ ಅಂಟು ಬೆರೆಸಿದರೆ ಕಪ್ಪು ಮಸಿ ಸಿದ್ಧ. ಶತಮಾನಗಟ್ಟಲೆ ಯೂರೋಪು ಬರೆದದ್ದು ಇದರಲ್ಲೇ. ಇಟಲಿಯ ಸಂಗೀತವೂ ಇದರಲ್ಲೇ ಕಾಗದಕ್ಕಿಳಿಯಿತು.

ಆ ಸಂಗೀತದ ದೊಡ್ಡ ಭಂಡಾರ ಮಿಲಾನಿನ ರಿಕೋರ್ಡಿ ಸಂಗ್ರಹ. ಜೊವಾನ್ನಿ ರಿಕೋರ್ಡಿ ನಾಟಕಶಾಲೆಗಳಿಗೆ ಸ್ವರಪ್ರತಿ ನಕಲು ಮಾಡಿಕೊಡುತ್ತಿದ್ದವನು. ಕೂಲಿಯ ಜೊತೆಗೆ ಆ ಪ್ರತಿಗಳ ಹಕ್ಕನ್ನೂ ಬರೆಸಿಕೊಂಡ ಜಾಣ. 1808ರಲ್ಲಿ ಪ್ರಕಾಶನವನ್ನೇ ತೆರೆದ. ಇಟಲಿಯ ಸಂಗೀತಕಾರ ವೆರ್ಡಿಯ 28 ಒಪೆರಾಗಳಲ್ಲಿ, ಅಂದರೆ ಹಾಡುನಾಟಕಗಳಲ್ಲಿ, 23ರ ಹಸ್ತಪ್ರತಿ ಇಂದು ಅಲ್ಲಿವೆ. ಅವನ ನಂತರದ ಪುಚ್ಚೀನಿಯವು ಬೇರೆ ಪ್ರಕಾಶಕರ ಪಾಲಾದ ‘ಲಾ ರೋಂದಿನೆ’ ಒಂದನ್ನುಳಿದು ಎಲ್ಲವೂ. 1943ರ ಬಾಂಬ್ ದಾಳಿಯಲ್ಲಿ ಕಂಪನಿಯ ಕಟ್ಟಡ ನೆಲಸಮವಾಯಿತು. ಹಸ್ತಪ್ರತಿಗಳನ್ನು ಮೊದಲೇ ಸಾಗಿಸಿದ್ದರಿಂದ ಅವು ಬದುಕಿದವು.

ಆದರೆ ಇಂಥ ಹಳೆಯ ಪ್ರತಿಗಳಿಗೆ ಮಸಿಯೇ ಶತ್ರು. ಮಾಚಿಕಾಯಿಯ ಒಗರು, ಅಂದರೆ ಟ್ಯಾನಿನ್, ಅನ್ನಭೇದಿಯ ಕಬ್ಬಿಣದೊಡನೆ ಸೇರಿ ಗಾಳಿಗೆ ಕಪ್ಪಾಗುತ್ತದೆ. ಜೊತೆಗೇ ಗಂಧಕಾಮ್ಲವೂ ಹುಟ್ಟುತ್ತದೆ. ಆಮ್ಲ ಕಾಗದದ ಸೆಲ್ಯುಲೋಸ್ ಸರಪಳಿಯನ್ನು ಕತ್ತರಿಸಿದರೆ, ಟ್ಯಾನಿನ್ನಿಗೆ ಸಿಗದೆ ಮಿಕ್ಕ ಕಬ್ಬಿಣ ಆಮ್ಲಜನಕವನ್ನು ಕರೆತಂದು ಉಳಿದದ್ದನ್ನೂ ಸವೆಸುತ್ತದೆ. ತೇವ ಸಿಕ್ಕರಂತೂ ಕೇಳುವುದೇ ಬೇಡ.

ಪತ್ರಗಳಿಗಿಂತ ಸಂಗೀತದ ಹಾಳೆಗೆ ಈ ಕಾಟ ಹೆಚ್ಚು. ಅಕ್ಷರದ ಗೆರೆ ಸಣ್ಣದು. ಪಾಶ್ಚಾತ್ಯ ಸ್ವರಲಿಪಿಯಲ್ಲಿ ಸ್ವರವೆಂದರೆ ಬಾಲವಿರುವ ಬೊಟ್ಟು; ಅದರ ತಲೆಯೋ ಮಸಿ ತುಂಬಿದ್ದು. ಮೊದಲು ಅದರ ಸುತ್ತ ಕಂದು ಕಲೆ ಹರಡುತ್ತದೆ, ಆಮೇಲೆ ಬಿರುಕು. ಕೊನೆಗೊಂದು ದಿನ ಪುಟ ತಿರುವುವಾಗ ಬೊಟ್ಟಷ್ಟೇ ಕಳಚಿ ಬಿದ್ದು, ಅದರ ಬಾಲ ಮಾತ್ರ ಹಾಳೆಯಲ್ಲಿ ಉಳಿಯುತ್ತದೆ.

ಮದ್ದಿದೆ: ಕ್ಯಾಲ್ಸಿಯಂ ಫೈಟೇಟ್ ಬೆರೆಸಿದ ನೀರಿನ ಸ್ನಾನ. ತೌಡಿನಲ್ಲಿರುವ ಫೈಟಿಕ್ ಆಮ್ಲ ದೇಹಕ್ಕೆ ಕಬ್ಬಿಣ ಸೇರದಂತೆ ತಡೆಯುತ್ತದೆಂದು ಆಹಾರ ತಜ್ಞರು ದೂರುತ್ತಾರಲ್ಲ, ಇಲ್ಲಿ ಬೇಕಾದದ್ದು ಅದೇ ಕೆಟ್ಟ ಗುಣ! ಅದು ಕಬ್ಬಿಣವನ್ನು ಹಿಡಿದು ಕೂರಿಸಿದ ಮೇಲೆ, ಇನ್ನೊಂದು ಸ್ನಾನದಲ್ಲಿ ಕ್ಯಾಲ್ಸಿಯಂ ಬೈಕಾರ್ಬನೇಟು ಆಮ್ಲವನ್ನು ತಣಿಸುತ್ತದೆ. ಆದರೆ ಇದಕ್ಕೆ ಪುಸ್ತಕದ ಹೊಲಿಗೆ ಬಿಚ್ಚಬೇಕು. ನೀರಿಗೆ ಕದಡುವ ಬಣ್ಣವಿದ್ದರೆ ಕಷ್ಟ. ಹಾಗಾಗಿ ಎಷ್ಟೋ ಕಡೆ ತೆಳು ಜಪಾನಿ ಕಾಗದವನ್ನು ಜೆಲಟಿನ್‌ನಲ್ಲಿ ಅಂಟಿಸಿ, ಒಣ ಕೋಣೆಯಲ್ಲಿಟ್ಟು, ಫೋಟೋ ತೆಗೆದು ಸುಮ್ಮನಾಗುತ್ತಾರೆ. ಫೋಟೋಗೆ ಮುನ್ನ ಹಾಳೆಯ ಹಿಂದೊಂದು ಖಾಲಿ ಕಾಗದ ಇಡಬೇಕು. ಇಲ್ಲದಿದ್ದರೆ ತೂತಿನೊಳಗಿಂದ ಮುಂದಿನ ಪುಟದ ಸ್ವರ ಇಣುಕಿ, ಈ ಪುಟದ್ದೇ ಎಂಬಂತೆ ಕೂತುಬಿಡುತ್ತದೆ.